ಒರತೆಹಳ್ಳದ ಬಸವನಹುಳುಗಳಿಗೆ ಅಷ್ಟೊಂದು ಬಣ್ಣ ಏಕೆ?

ಲೋಕ ಆಗ ಹೊಸದಾಗಿತ್ತು. ಬೆಟ್ಟಗಳ ಮೈ ಇನ್ನೂ ಹಸಿ ಹಸಿ. ಬಂಡೆಯ ಮೇಲೆ ಜಿಂಕೆ ಕಾಲಿಟ್ಟರೆ ಗೊರಸಿನ ಗುರುತು ಮೂಡುತ್ತಿತ್ತು. ಎಲ್ಲಿ ಸುರಿಯಬೇಕು, ಎಲ್ಲಿ ಸುಮ್ಮನೆ ದಾಟಿ ಹೋಗಬೇಕು ಎಂಬುದು ಮೋಡಗಳಿಗೆ ತಿಳಿದಿರಲಿಲ್ಲ. ಕಂಡಲ್ಲೆಲ್ಲ ಸುರಿಯುತ್ತಿದ್ದವು.

ಹಾಗಾಗಿ ಎಲ್ಲ ಕಡೆಯೂ ಕಾಡೇ ಕಾಡು. ಈ ಬೆಟ್ಟದ ನೆತ್ತಿಯಿಂದ ಆ ಬೆಟ್ಟದ ನೆತ್ತಿಯವರೆಗೆ ಒಂದೇ ಕಂಬಳಿ ಹೊದಿಸಿದಂತೆ ಹಬ್ಬಿತ್ತು. ಆ ಕಂಬಳಿಯ ಒಳಗೆ, ತರಗೆಲೆಗಳ ಅಡಿಯಲ್ಲಿ, ಬಸವನಹುಳುಗಳು ಮನೆ ಮಾಡಿಕೊಂಡಿದ್ದವು.

ಈಗಿನ ಹಾಗೆ ನಾಲ್ಕು ಮಳೆ ಕಂಡು ಮುಗಿಸುವ ಬದುಕಲ್ಲ ಅದು. ಒಂದು ಹುಳು ಮನಸ್ಸು ಮಾಡಿದರೆ ಒಂದು ಮರ ಮೊಳೆಯುವುದನ್ನೂ ನೋಡಬಹುದಿತ್ತು, ಅದೇ ಮರ ಮುದಿಯಾಗಿ ಬೀಳುವುದನ್ನೂ ನೋಡಬಹುದಿತ್ತು. ಆ ಕಾಲದಲ್ಲಿ ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ನೆತ್ತಿಬೆಟ್ಟದ ತುದಿಯಲ್ಲಿ ಈರಿ ಎಂಬ ಬಸವನಹುಳು ಇದ್ದಳು. ಅವಳ ಬೆನ್ನಿನ ಮೇಲೆ ಕಂದುಬಣ್ಣದ ಚಿಪ್ಪು, ಅದರ ಮೇಲೊಂದು ತೆಳ್ಳನೆ ಬಿಳಿ ಗೆರೆ. ಸುತ್ತಲಿನ ಬಸವನಹುಳುಗಳಿಗೂ ತರತರದ ಚಿಪ್ಪುಗಳಿದ್ದವು. ಹಳದಿಯವರಿದ್ದರು, ಕಪ್ಪಿನವರಿದ್ದರು, ಇಟ್ಟಿಗೆಗೆಂಪಿನವರಿದ್ದರು, ಪಟ್ಟೆಯವರಿದ್ದರು. ಆದರೆ ಹೆಚ್ಚಿನವರ ಚಿಪ್ಪಿನ ಸುರುಳಿ ಬಲಕ್ಕೆ ತಿರುಗಿತ್ತು. ಈರಿಯದು ಎಡಕ್ಕೆ. ಅವಳಂಥ ಎಡಸುರುಳಿಯವರು ಅಲ್ಲೊಬ್ಬರು ಇಲ್ಲೊಬ್ಬರು.

ಎದುರಿನಿಂದ ಯಾರಾದರೂ ಬಂದರೆ ಈರಿಯ ಚಿಪ್ಪಿಗೆ ಅವರ ಚಿಪ್ಪು ಟಕ್ ಎಂದು ತಾಗುತ್ತಿತ್ತು.

"ಅಯ್ಯೋ ಈರೀ, ನಿನ್ನನ್ನ ಯಾರೋ ತಲೆಕೆಳಗು ಮಾಡಿ ಸುತ್ತಿಬಿಟ್ಟಿದ್ದಾರಲ್ಲೇ!" ಎಂದು ನಗುತ್ತಿದ್ದರು.

"ಸುತ್ತಿದವರಿಗೆ ನಾನು ಇಷ್ಟ ಆಗಿದ್ದೆ. ಬೇಕೂಂತಲೇ ಬೇರೆ ಥರ ಸುತ್ತಿದ್ದಾರೆ," ಎನ್ನುತ್ತಿದ್ದಳು ಈರಿ. ಕೊಂಬು ನಿಗುರಿಸಿಕೊಂಡು ತನ್ನ ದಾರಿ ಹಿಡಿಯುತ್ತಿದ್ದಳು.

ಹೀಗೆ ಕಾಲ ಸಾಗಿತ್ತು. ಪ್ರತಿ ವರ್ಷ ಪಡುವಣ ಗಾಳಿ ಕಡಲಿನಿಂದ ಏಳುತ್ತಿತ್ತು, ಮೋಡಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿತ್ತು, ನೆತ್ತಿಬೆಟ್ಟದ ಮೇಲೆ ಇಳಿಸಿ ಉಸ್ಸೆಂದು ಕೂರುತ್ತಿತ್ತು.

ಒಂದು ವರ್ಷ ಗಾಳಿ ಬರಿಗೈಯಲ್ಲಿ ಬಂತು.

"ಏನಣ್ಣಾ, ಮೋಡ ಎಲ್ಲಿ?" ಈರಿ ಕೇಳಿದಳು.

ಗಾಳಿಗೆ ಮುಖ ಎತ್ತಲಾಗಲಿಲ್ಲ. "ಕಡಲು ತುಂಬ ಹಿಂದಕ್ಕೆ ಸರಿದುಬಿಟ್ಟಿದೆ ಕಣವ್ವಾ. ಬಡಗಣ ದಿಕ್ಕಿನ ದೊಡ್ಡ ಬೆಟ್ಟಗಳ ಮೇಲೆ ನೀರೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿದೆ. ತುಂಬಿಕೊಂಡು ಬರೋಣ ಅಂದ್ರೆ ತುಂಬೋಕೆ ಏನೂ ಸಿಗಲಿಲ್ಲ."

"ಮುಂದಿನ ವರ್ಷ?"

"ಮುಂದಿನ ವರ್ಷ ಇನ್ನೂ ಕಷ್ಟ. ಅದರ ಮುಂದಿನ ವರ್ಷ ಇನ್ನೂ ಕಷ್ಟ. ಯಾವಾಗ ಸರಿಹೋಗುತ್ತೋ ನನಗೂ ಗೊತ್ತಿಲ್ಲ. ಹೋಗಬಲ್ಲವರು ಹೋಗಿಬಿಡೋದು ಒಳ್ಳೇದು."

ಹೋಗಬಲ್ಲವರು ಹೋದರು. ಆನೆಗಳು ಮರಿಗಳನ್ನು ನಡುವೆ ಹಾಕಿಕೊಂಡು ತೆಂಕಣ ದಿಕ್ಕಿಗೆ ನಡೆದವು. ಕಾಡುಕೋಣಗಳು ಹೋದವು. ಚಿಟ್ಟೆಗಳು ಕೂಡ ಒಂದು ಬೆಳಿಗ್ಗೆ ಮೇಲೆದ್ದು, ಮತ್ತೆ ಕೆಳಗೆ ಬರಲಿಲ್ಲ.

ಮಂಗಟ್ಟೆ ಹಕ್ಕಿ ಹೊರಡುವ ಮುಂಚೆ ಈರಿಯ ಬಳಿ ಬಂದು ಕೂತಿತು. ಅದಕ್ಕೆ ಅವಳನ್ನು ಕಂಡರೆ ಅಕ್ಕರೆ.

"ಈರೀ, ನನ್ನ ಕೊಕ್ಕು ದೊಡ್ಡದಿದೆ. ಒಬ್ಬರನ್ನ ನಾಜೂಕಾಗಿ ಹಿಡಿದುಕೊಂಡು ಹಾರಬಲ್ಲೆ. ತೆಂಕಣದಲ್ಲಿ ಇನ್ನೂ ಮಳೆ ಇದೆಯಂತೆ. ಬಾ, ಬಿಟ್ಟುಬರ್ತೀನಿ."

ಈರಿಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಅವಳ ಕಾಲಡಿಯ ಪಾಚಿ ಆಗಲೇ ಒಣಗಿ ಚುಚ್ಚುತ್ತಿತ್ತು. ಅವಳು ಕೊಂಬು ಹೊರಳಿಸಿ ಹಿಂದೆ ನೋಡಿದಳು. ಹಳದಿಯವರು, ಕಪ್ಪಿನವರು, ಪಟ್ಟೆಯವರು, ಎಲ್ಲರೂ ಎಲೆ ಮರೆಯಲ್ಲಿ ಕೂತು ಇತ್ತಲೇ ನೋಡುತ್ತಿದ್ದರು.

"ನಾನೊಬ್ಬಳೇ ಅಲ್ಲಿಗೆ ಹೋಗಿ ಯಾರ ಜೊತೆ ಜಗಳ ಆಡಲಿ?" ಎಂದಳು ಈರಿ. "ನೀನು ಹೋಗಿಬಾ. ಮಳೆ ಸಿಕ್ಕರೆ ನಾವಿನ್ನೂ ಇಲ್ಲೇ ಇದ್ದೀವಿ ಅಂತ ಹೇಳು."

ಮಂಗಟ್ಟೆ ರೆಕ್ಕೆ ಬಡಿದು ಹಾರಿತು. ಅದರ ರೆಕ್ಕೆಯ ಸದ್ದು ದೂರವಾಗುವವರೆಗೂ ಎಲ್ಲರೂ ಕೇಳಿಸಿಕೊಂಡರು.

ಆಮೇಲೆ ದುಂಡಿ ಮುಂದೆ ಬಂದಳು. ದುಂಡಿ ಚಿಕ್ಕವಳು, ಕಪ್ಪು ಚಿಪ್ಪಿನವಳು. ನೇರಳೆ ಹಣ್ಣಿನ ಹಾಗೆ ಮಿರಮಿರ ಮಿಂಚುತ್ತಿದ್ದಳು. ಮಾತು ಮಾತ್ರ ಬಲು ಚುರುಕು.

"ಹಕ್ಕೀನ ಕಳಿಸಿಬಿಟ್ಟೆ. ಈಗ ಏನು ಮಾಡೋದು ಹೇಳು ಅತ್ತೇ. ನಾವು ಓಡೋದಕ್ಕಾಗುತ್ತಾ?"

ಆಗ ಅವರ ತಲೆಯ ಮೇಲಿದ್ದ ಹಳೆಯ ನೇರಳೆ ಮರ ಕೆಮ್ಮಿತು. ಅದರ ಕೊಂಬೆಗಳು ಒಣಗುತ್ತಿದ್ದವು.

"ನೀವು ಓಡೋದು ಬೇಡ," ಎಂದಿತು ಮರ. "ನಮ್ಮ ಜೊತೆ ನಡೆಯಿರಿ. ನಾವೂ ಹೊರಟಿದ್ದೀವಿ."

"ಮರ ನಡೆಯುತ್ತಾ?" ದುಂಡಿ ಕೊಂಬು ಅರಳಿಸಿದಳು.

"ಮರ ಒಂದೇ ಆದರೆ ನಡೆಯಲ್ಲ ಮಗಳೇ. ತಾಯಿ ಮಗಳು ಸೇರಿದರೆ ನಡೆಯುತ್ತೆ. ನನ್ನ ಹಣ್ಣು ಇಳಿಜಾರಿನಲ್ಲಿ ಉರುಳುತ್ತೆ. ಸ್ವಲ್ಪ ಕೆಳಗೆ, ಇನ್ನೂ ಹಸಿ ಇರೋ ಕಡೆ, ನನ್ನ ಮಗಳು ಮೊಳೀತಾಳೆ. ಅವಳ ಮಗಳು ಇನ್ನೂ ಕೆಳಗೆ. ಮೇಲೆ ನಾನು ಒಣಗ್ತೀನಿ, ಕೆಳಗೆ ಅವಳು ನೆರಳು ಕೊಡ್ತಾಳೆ. ಕೆಳಗೆ ಒರತೆಹಳ್ಳ ಇದೆ. ಅಲ್ಲಿ ಬಂಡೆಯ ಒಳಗಿಂದ ನೀರು ಜಿನುಗುತ್ತೆ, ಅದು ಮೋಡವನ್ನ ಕಾಯೋದಿಲ್ಲ. ಕಾಡೆಲ್ಲ ಅಲ್ಲಿಗೇ ಹೊರಟಿದೆ. ನಮ್ಮ ನಡಿಗೆ ಬಹಳ ನಿಧಾನ. ನಿಮಗೆ ಸರಿಹೊಂದುತ್ತೆ."

ಹಾಗೆ ಅವರು ಹೊರಟರು. ಮುಂದೆ ಕಾಡು, ಹಿಂದೆ ಬಸವನಹುಳುಗಳು. ಒಂದು ಮರದ ನೆರಳಿನಿಂದ ಅದರ ಮಗಳ ನೆರಳಿಗೆ, ಮಗಳ ನೆರಳಿನಿಂದ ಮೊಮ್ಮಗಳ ನೆರಳಿಗೆ. ಬಿಸಿಲು ಏರಿದರೆ ಚಿಪ್ಪಿನೊಳಗೆ ಸೇರಿ, ಬಾಯಿಗೆ ಲೋಳೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಇಬ್ಬನಿ ಬಿದ್ದರೆ ಬಾಗಿಲು ಒಡೆದು ನಡೆಯುತ್ತಿದ್ದರು.

ಎಲ್ಲರೂ ಹೊರಡಲಿಲ್ಲ. ಕೆಲವರು "ಮಳೆ ನಾಳೆ ಬರುತ್ತೆ" ಎಂದು ನೆತ್ತಿಯ ಮೇಲೇ ಬಾಗಿಲು ಹಾಕಿ ಮಲಗಿದರು. ಈರಿ ಇಳಿಜಾರಿನಿಂದ ಹಿಂತಿರುಗಿ ನೋಡಿದಾಗ ನೆತ್ತಿಬೆಟ್ಟದ ತುದಿಯಲ್ಲಿ ಕಾಡು ಇರಲಿಲ್ಲ, ಹುಲ್ಲು ಇತ್ತು. ಹುಲ್ಲಿನ ನಡುವೆ ಅವರ ಚಿಪ್ಪುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಒಳಗೆ ಯಾರೂ ಇರಲಿಲ್ಲ.

ಈರಿ ಮತ್ತೆ ನಡೆದಳು.

ಕೊನೆಗೆ ಒರತೆಹಳ್ಳ ಬಂತು. ಎರಡು ಬಂಡೆಗೋಡೆಗಳ ನಡುವೆ ಕಡುಹಸುರಿನ ಒಂದು ಸೀಳು. ತಳದಲ್ಲಿ ಒರತೆ. ಒರತೆಯ ಪಕ್ಕ ನೇರಳೆ ಮೊಮ್ಮಗಳು, ಅವಳ ಬುಡದಲ್ಲಿ ಮೆತ್ತನೆಯ ಕಪ್ಪು ಮಣ್ಣು. ಗಾಳಿಯಲ್ಲಿ ನೀರಿನ ವಾಸನೆ. ಈರಿಯ ಹಿಂದೆ ಬಂದವರೆಲ್ಲ ಕೊಂಬು ಚಾಚಿ ಆ ವಾಸನೆಯನ್ನು ಕುಡಿದರು.

ಆದರೆ ದಾರಿಗೆ ಅಡ್ಡವಾಗಿ ಒಬ್ಬಳು ಕೂತಿದ್ದಳು. ಅವಳು ಸಾಕಮ್ಮ, ಹಳ್ಳದ ಹಿರಿಯಳು. ಬೆಣ್ಣೆಬಣ್ಣದ ಚಿಪ್ಪು, ಬಲಸುರುಳಿ. ಅವಳ ಹಿಂದೆ ಅವಳ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಹಳದಿ, ಎಲ್ಲರೂ ಬಲಸುರುಳಿ.

"ಎಲ್ಲಿಗೆ ಬಂದಿರಿ?" ಎಂದಳು ಸಾಕಮ್ಮ.

"ನೆರಳಿಗೆ ಬಂದೆವು ತಾಯೀ," ಎಂದಳು ಈರಿ.

"ನೆರಳು ಎಷ್ಟಿದೆ ನೋಡಿದೆಯಾ? ಹಳ್ಳ ಕಿರಿದು. ಮೊಟ್ಟೆ ಇಡೋಕೆ ಹಸಿಮಣ್ಣು ಇರೋದು ಈ ಮರದ ಬುಡದಲ್ಲಿ ಮಾತ್ರ. ನಮ್ಮವರಿಗೇ ಸಾಲದು. ಅದೂ ಅಲ್ಲದೆ," ಸಾಕಮ್ಮ ಈರಿಯ ಚಿಪ್ಪನ್ನು ಮೇಲಿಂದ ಕೆಳಗೆ ನೋಡಿದಳು, "ನೀವು ನಮ್ಮ ಥರ ಇಲ್ಲ. ಒಬ್ಬಳು ಕಪ್ಪು, ಒಬ್ಬಳು ಪಟ್ಟೆ, ನೀನಂತೂ ಸುತ್ತಿರೋದೇ ಎಡಕ್ಕೆ. ಮೇಲೆ ಅಂಚಿನಲ್ಲಿ ಇರೋದಾದರೆ ಇರಿ. ಕೆಳಗೆ ಇಳಿಯಬೇಡಿ."

ದುಂಡಿ ಸಿಟ್ಟಿನಿಂದ ಬುಸುಗುಟ್ಟಿದಳು. ಈರಿ ಅವಳನ್ನು ಮೆಲ್ಲಗೆ ತಳ್ಳಿಕೊಂಡು ಅಂಚಿಗೆ ಹೋದಳು. ಅಂಚಿನಲ್ಲಿ ಬಂಡೆಯ ಬಿರುಕುಗಳಿದ್ದವು. ಅರ್ಧ ದಿನ ಬಿಸಿಲು, ಅರ್ಧ ದಿನ ನೆರಳು. ಅಲ್ಲಿ ಹಾವಸೆ ನೆಕ್ಕಿಕೊಂಡು ಅವರು ಉಳಿದರು. ಉಳಿದರು ಅಷ್ಟೇ.

ಒಣಕಾಲ ಇನ್ನೂ ಬಿಗಿಯಾಯಿತು. ಒರತೆ ಹರಿಯುವುದನ್ನು ಬಿಟ್ಟು ಬರೀ ಜಿನುಗತೊಡಗಿತು. ಹಳ್ಳದ ಕೆಳಗಿನ ಮಡುವಿನಲ್ಲಿ ಒಂದು ಮುದಿ ಏಡಿ ಇತ್ತು. ಮಡುವಿನ ಮೀನುಗಳು ಮುಗಿದವು. ಏಡಿಗೆ ಹಸಿವಾಯಿತು. ಒಂದು ಬೆಳಿಗ್ಗೆ ಅದು ನೀರು ಬಿಟ್ಟು ಮೇಲೆ ಬಂತು.

ಆ ಏಡಿಯ ಬಲಗೈ ಎಡಗೈಗಿಂತ ಬಹಳ ದೊಡ್ಡದು, ಕಮ್ಮಾರನ ಇಕ್ಕಳದ ಹಾಗೆ. ಅದು ಹಳದಿ ಹುಳು ಒಂದನ್ನು ಎತ್ತಿ, ಇಕ್ಕಳದ ಮೊನೆಯನ್ನು ಚಿಪ್ಪಿನ ಬಾಯಿಗೆ ಸರಿಯಾಗಿ ಸಿಕ್ಕಿಸಿ, ಟಕ ಟಕ ಎಂದು ಅಂಚು ಮುರಿಯುತ್ತಾ ಒಳಗೆ ಹೋಯಿತು. ಬಲಸುರುಳಿಯ ಚಿಪ್ಪು ತೆಗೆಯುವುದಕ್ಕೆಂದೇ ಮಾಡಿದ ಕೈ ಅದು. ಒಂದಾಯಿತು, ಇನ್ನೊಂದನ್ನು ಎತ್ತಿತು. ಮಾರನೆಯ ದಿನ ಮತ್ತೆ ಬಂತು.

ಹಳ್ಳದ ತಳದಿಂದ ಅಳು ಕೇಳಿಸುತ್ತಿತ್ತು.

"ತಿನ್ನಲಿ ಬಿಡು," ಎಂದಳು ದುಂಡಿ. "ನಮ್ಮನ್ನ ಹೊರಗೆ ಹಾಕಿದವರು ತಾನೇ."

ಈರಿ ಅವಳತ್ತ ತಿರುಗಿದಳು. "ಯಾರೂ ಇಲ್ಲದ ಹಳ್ಳಕ್ಕೆ ಇಳಿದು ನೀನು ಏನು ಮಾಡ್ತೀಯೇ? ಗೋಡೆ ಜೊತೆ ಮಾತಾಡ್ತೀಯಾ? ಇಲ್ಲೇ ಇರು. ನಿನ್ನದು ಬಲಸುರುಳಿ, ನೀನು ಬರಬೇಡ."

ಈರಿ ಒಬ್ಬಳೇ ಕೆಳಗಿಳಿದಳು. ಅವಳಿಗೆ ಭಯ ಇತ್ತು. ಮಡುವಿಗೂ ಮರದ ಬುಡಕ್ಕೂ ನಡುವೆ ಬಂಡೆಯ ಅಡಿಯಲ್ಲೊಂದು ಸಂದು ಇತ್ತು, ಏಡಿ ಬರುವ ದಾರಿ ಅದೊಂದೇ. ಈರಿ ಹೋಗಿ ಆ ಸಂದಿನಲ್ಲಿ ಕೂತಳು.

ಏಡಿ ಬಂತು. ಈರಿಯನ್ನು ಎತ್ತಿತು. ಇಕ್ಕಳದ ಮೊನೆ ಚಿಪ್ಪಿನ ಬಾಯಿ ಹುಡುಕಿತು. ಇರಬೇಕಾದ ಕಡೆ ಬಾಯಿ ಇರಲಿಲ್ಲ. ಮೊನೆ ಜಾರಿತು. ತಿರುಗಿಸಿತು, ಮತ್ತೆ ಜಾರಿತು. ಅಲುಗಾಡಿಸಿತು, ಬಂಡೆಗೆ ಕುಟ್ಟಿತು. ಈರಿ ಒಳಗೆ ಮುದುಡಿಕೊಂಡಳು. ಅವಳ ಚಿಪ್ಪಿನ ಮೇಲೆ ಒಂದು ಸೀಳು ಬಿತ್ತು. ಏಡಿ ಬೇಸತ್ತು ಅವಳನ್ನು ಎಸೆಯಿತು.

ಈರಿ ಉರುಳಿಬಿದ್ದ ಕಡೆಯಿಂದ ಕೂಗಿದಳು. "ಎಡಸುರುಳಿಯವರು ಯಾರಿದ್ದೀರಿ? ಬನ್ನಿ! ನಮ್ಮನ್ನ ತಿನ್ನೋದು ಇದಕ್ಕೆ ಬರಲ್ಲ!"

ಅಂಚಿನಿಂದ ಅವರು ಇಳಿದು ಬಂದರು. ಕಂದಿನವರು, ಕೆಂಪಿನವರು, ಪಟ್ಟೆಯವರು. ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ತಲೆಕೆಳಗಿನವರು ಎನಿಸಿಕೊಂಡವರು. ಅವರೆಲ್ಲ ಸಂದಿನಲ್ಲಿ ಒತ್ತೊತ್ತಾಗಿ ಕೂತು, ಕಾಲನ್ನು ಬಂಡೆಗೆ ಬಿಗಿಯಾಗಿ ಅಂಟಿಸಿಕೊಂಡರು. ಏಡಿ ಬಂತು, ಕುಟ್ಟಿತು, ಎಳೆಯಿತು, ಹೋಯಿತು. ಮತ್ತೆ ಬಂತು. ಗೋಡೆ ಕದಲಲಿಲ್ಲ. ಕೊನೆಗೊಂದು ದಿನ ಅದು ತನ್ನ ದೊಡ್ಡ ಕೈಯನ್ನು ಎಳೆದುಕೊಂಡು, ಬೇರೆ ನೀರು ಹುಡುಕಿಕೊಂಡು ಹೋಯಿತು.

ಸಾಕಮ್ಮ ಬಂದು ಈರಿಯ ಮುಂದೆ ನಿಂತಳು. ಚಿಪ್ಪಿಗೆ ಚಿಪ್ಪು ಟಕ್ ಎಂದು ತಾಗಿತು. ಇಬ್ಬರೂ ಸ್ವಲ್ಪ ಸರಿದುಕೊಂಡರು.

"ನಿನಗೆ ಸೀಳು ಬಿದ್ದಿದೆ," ಎಂದಳು ಸಾಕಮ್ಮ.

"ಬೆಸೆದುಕೊಳ್ಳುತ್ತೆ."

"ಕೆಳಗೆ ಬಾ. ನಿನ್ನವರನ್ನೂ ಕರಕೊಂಡು ಬಾ." ಸಾಕಮ್ಮನ ದನಿ ಸಣ್ಣದಾಗಿತ್ತು. "ಮೊಟ್ಟೆ ಜಾಗ ಕಿರಿದು ಅಂದೆನಲ್ಲ, ಅದು ನಿಜವೇ. ಏನು ಮಾಡೋಣ ನೀನೇ ಹೇಳು."

"ಎಲ್ಲರೂ ಸ್ವಲ್ಪ ಸ್ವಲ್ಪ ಇಡೋಣ," ಎಂದಳು ಈರಿ. "ಒಬ್ಬರದೇ ಪೂರ್ತಿ ಬೇಡ. ಮುಂದೆ ಎಂಥ ಕಾಲ ಬರುತ್ತೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಏಡಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಬಸವನಹುಳುಗಳ ಜಾತಿಯಲ್ಲಿ ಎಲ್ಲರೂ ತಾಯಂದಿರೇ. ನೇರಳೆಯ ಬುಡದಲ್ಲಿ ಎಲ್ಲ ತಾಯಂದಿರ ಮೊಟ್ಟೆಗಳೂ ಒಟ್ಟಿಗೆ ಮಲಗಿದವು, ಮುತ್ತಿನ ರಾಶಿಯ ಹಾಗೆ. ಯಾವುದು ಯಾರದು ಎಂದು ಹೇಳುವುದು ಕಷ್ಟವಾಯಿತು.

ಆಮೇಲೆ ಚಳಿ ಬಂತು. ಅಂಥ ಚಳಿಯನ್ನು ಈ ಬೆಟ್ಟಗಳು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೆಳಗಾದರೆ ಹುಲ್ಲಿನ ತುದಿಯಲ್ಲಿ ಇಬ್ಬನಿಯ ಬದಲು ಗಾಜಿನ ಹರಳುಗಳು. ಹಳದಿ ಮರಿಗಳು ಬಿಸಿಲಿಗೆ ಬಂದು ಕೂತರೂ ಅವುಗಳ ಮೈ ಕಾಯುತ್ತಿರಲಿಲ್ಲ. ಕಪ್ಪು ಮರಿಗಳ ಚಿಪ್ಪು ಮಾತ್ರ ಎಳೆಬಿಸಿಲು ತಾಗುತ್ತಲೇ ಬೆಚ್ಚಗಾಗುತ್ತಿತ್ತು. ಅವು ಮೊದಲು ಎದ್ದು, ಮೊದಲು ಮೇದು, ಮೊದಲು ಒಳಗೆ ಸೇರುತ್ತಿದ್ದವು. ಆ ವರ್ಷಗಳಲ್ಲಿ ಹಳದಿ ಮರಿಗಳು ಬಹಳ ಸತ್ತವು.

ಸಾಕಮ್ಮ ಮೊಟ್ಟೆ ಜಾಗದ ಹತ್ತಿರದಿಂದ ಕದಲಲಿಲ್ಲ.

"ನಿನ್ನವರು ಉಳಿದರು ಈರವ್ವಾ," ಎಂದಳು ಒಂದು ದಿನ. "ನನ್ನವರು ಎಲ್ಲಿ? ಮುಂದೆ ಸಾಕಮ್ಮನದು ಅಂತ ಹೇಳೋಕೆ ಈ ಹಳ್ಳದಲ್ಲಿ ಏನಿರುತ್ತೆ?"

ಈರಿ ಬಂದು ಅವಳ ಪಕ್ಕದಲ್ಲಿ ಕೂತಳು. ಹಾಗೆ ಕೂತಿದ್ದಾಗಲೇ ಅವರ ಕಣ್ಣೆದುರು ಒಂದು ಮೊಟ್ಟೆ ಒಡೆಯಿತು. ಅದು ಸಾಕಮ್ಮನದೇ ಮೊಟ್ಟೆ. ಬೇರಿನ ಮಡಿಕೆಯಲ್ಲಿ ಅವಳೇ ಬಚ್ಚಿಟ್ಟಿದ್ದದ್ದು, ಅನುಮಾನವೇ ಇಲ್ಲ. ಒಳಗಿನಿಂದ ಒಂದು ಮರಿ ತಲೆ ಹಾಕಿತು. ಅದರ ಪುಟ್ಟ ಚಿಪ್ಪು ಇದ್ದಿಲಿನಷ್ಟು ಕಪ್ಪು. ಸುರುಳಿ ಎಡಕ್ಕೆ.

ಸಾಕಮ್ಮ ಎರಡೂ ಕೊಂಬು ಚಾಚಿ ನೋಡಿದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು.

"ನನ್ನ ಹೊಟ್ಟೆಯಲ್ಲಿ ಇವಳು ಎಲ್ಲಿ ಅಡಗಿದ್ದಳೇ?" ಎಂದಳು.

"ನಿನ್ನ ಅಜ್ಜಿಯ ಅಜ್ಜಿ ಯಾವ ಬೆಟ್ಟದವಳೋ ಏನೋ," ಎಂದಳು ಈರಿ.

ಸಾಕಮ್ಮನಿಗೆ ನಗು ಬಂತು. ಅಷ್ಟು ಚಳಿಯಲ್ಲಿ, ಅಷ್ಟು ಸಾವಿನ ನಡುವೆ, ಅವಳು ಚಿಪ್ಪು ಅಲುಗುವ ಹಾಗೆ ನಕ್ಕಳು. ಆ ಮರಿಯನ್ನು ತನ್ನ ಬೆನ್ನ ಮೇಲೆ ಹತ್ತಿಸಿಕೊಂಡು ಇಡೀ ಹಳ್ಳ ಸುತ್ತಿದಳು. "ನೋಡ್ರೇ, ನನ್ನ ಮಗಳನ್ನ ನೋಡ್ರೇ," ಎಂದು ಎಲ್ಲರಿಗೂ ತೋರಿಸಿದಳು.

ಚಳಿಯ ಬಳಿಕ ಬಿಸಿಲಿನ ವರ್ಷಗಳು ಬಂದವು. ಆಗ ಕಪ್ಪು ಚಿಪ್ಪಿನವರು ಕಾದ ಹಂಚಿನ ಹಾಗೆ ಸುಟ್ಟರು. ಉಳಿದಿದ್ದ ಕೆಲವೇ ಹಳದಿಯವರು ತಣ್ಣಗೆ ಓಡಾಡಿದರು, ಕಪ್ಪಿನವರ ಮೊಟ್ಟೆಗಳ ಮೇಲೆ ಒದ್ದೆ ಎಲೆ ಎಳೆದು ಹೊದಿಸಿದರು. ಮತ್ತೆ ಚಳಿ ಬಂತು, ಮತ್ತೆ ಬಿಸಿಲು ಬಂತು. ಒಂದೊಂದು ಕಾಲಕ್ಕೆ ಒಂದೊಂದು ಬಣ್ಣ ಮುಂದೆ ನಿಂತಿತು. ಯಾವ ಬಣ್ಣವೂ ಪೂರ್ತಿ ಅಳಿಸಿಹೋಗಲಿಲ್ಲ. ಪ್ರತಿ ವರ್ಷ ಮೊಟ್ಟೆ ಇಡುವ ಕಾಲಕ್ಕೆ ಈರಿ ಮರದ ಬುಡದಲ್ಲಿ ನಿಂತಿರುತ್ತಿದ್ದಳು. ಯಾರನ್ನೂ ಹಿಂದಕ್ಕೆ ಕಳಿಸುತ್ತಿರಲಿಲ್ಲ.

ಸುತ್ತಲಿನ ಬೆಟ್ಟಗಳೆಲ್ಲ ಬೋಳಾಗಿದ್ದವು. ಅಲ್ಲಿನವರೆಲ್ಲ ಮುಗಿದುಹೋಗಿದ್ದರು. ಒರತೆಹಳ್ಳ ಎಂಬ ಒಂದು ಹಸುರು ಸೀಳಿನಲ್ಲಿ ಮಾತ್ರ ಅವರ ಕುಲ ಉಸಿರಾಡುತ್ತಿತ್ತು.

ಒಂದು ಸಂಜೆ ಪಡುವಣದಲ್ಲಿ ಗುಡುಗಿತು.

ಯಾರೂ ನಂಬಲಿಲ್ಲ. ಮರಿಗಳಿಗೆ ಗುಡುಗು ಎಂದರೆ ಏನೆಂದೇ ಗೊತ್ತಿರಲಿಲ್ಲ, ಹೆದರಿ ಬಾಗಿಲು ಹಾಕಿಕೊಂಡವು. ಗಾಳಿ ಏದುಸಿರು ಬಿಡುತ್ತಾ ಬೆಟ್ಟ ಏರಿ ಬಂತು. ಹೆಗಲ ತುಂಬ ಮೋಡ.

"ಈರವ್ವಾ! ಇದ್ದೀಯಾ?" ಎಂದು ನೆತ್ತಿಯಿಂದ ಕೂಗಿತು. "ಬಡಗಣ ಬೆಟ್ಟದ ನೀರು ಕರಗಿತು! ಕಡಲು ತುಂಬಿತು! ಇದ್ದೀಯೇನವ್ವಾ?"

"ಇದ್ದೀನಣ್ಣಾ! ಎಲ್ಲರೂ ಇದ್ದೀವಿ! ಸುರಿ!"

ಗಾಳಿ ಸುರಿಯಿತು. ಹಾಗೆ ಸುರಿದ ಮಳೆಯಲ್ಲಿ ಸಾಕಮ್ಮನೂ ಈರಿಯೂ ಎಲೆಯ ಮೇಲೆ ಹತ್ತಿ ನಿಂತು, ಕೊಂಬಿನಿಂದ ನೀರು ತೊಟ್ಟಿಕ್ಕುವವರೆಗೂ ನೆನೆದರು.

ಕಾಡು ಈಗ ಮೇಲಕ್ಕೆ ನಡೆಯತೊಡಗಿತು. ಮರಳಿ ಬಂದ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಬೋಳುಗುಡ್ಡಗಳ ಮೇಲೆ ಉದುರಿಸಿದವು. ಹಸುರು ಸೀಳು ಅಗಲವಾಗುತ್ತಾ ಹೋಯಿತು.

ದುಂಡಿಗೆ ಹಳ್ಳ ಇಕ್ಕಟ್ಟಾಗಿ ಕಾಣತೊಡಗಿತು. "ಅತ್ತೇ, ನಾನು ಹೋಗ್ತೀನಿ. ಆಚೆಬೆಟ್ಟಕ್ಕೆ. ಅಲ್ಲಿ ಯಾರೂ ಇಲ್ಲವಂತೆ."

"ಯಾರೂ ಇಲ್ಲದ ಕಡೆ ಒಬ್ಬಳೇ ಹೋಗಿ ಏನು ಮಾಡ್ತೀಯೇ?"

"ಒಬ್ಬಳೇ ಅಲ್ಲ. ಹೊಟ್ಟೆ ತುಂಬ ಮೊಟ್ಟೆ ಇದೆ."

ಈರಿ ತಡೆಯಲಿಲ್ಲ. ದುಂಡಿ ತೆಂಕಣದಿಂದ ಮರಳಿ ಬಂದಿದ್ದ ಒಂದು ಆನೆಯ ಕಾಲಿನ ಕೆಸರಿಗೆ ಅಂಟಿಕೊಂಡು ಆಚೆಬೆಟ್ಟ ತಲುಪಿದಳು. ಅಲ್ಲಿ ಅವಳೇ ಮೊದಲು, ಅವಳೇ ತಾಯಿ, ಅವಳೇ ಅಜ್ಜಿ. ಅವಳ ಮಕ್ಕಳೆಲ್ಲ ಅವಳಂತೆಯೇ ಕಪ್ಪು, ಅವಳಂತೆಯೇ ಬಲಸುರುಳಿ. ಆಚೆಬೆಟ್ಟ ತುಂಬ ದುಂಡಿಯೇ ದುಂಡಿ. ಇಟ್ಟಿಗೆಗೆಂಪಿನ ಒಬ್ಬಳು ಮೂಡಣ ಬೆಟ್ಟಕ್ಕೆ ಹೋದಳು, ಆ ಬೆಟ್ಟ ಕೆಂಪಾಯಿತು. ಪಟ್ಟೆಯ ಒಬ್ಬಳು ನೆತ್ತಿಬೆಟ್ಟಕ್ಕೆ ಹೋದಳು, ನೆತ್ತಿಬೆಟ್ಟದ ಮಕ್ಕಳೆಲ್ಲ ಪಟ್ಟೆಯಾದರು.

ಈರಿಗೂ ನೆತ್ತಿಬೆಟ್ಟಕ್ಕೆ ಹೋಗುವ ಮನಸ್ಸಿತ್ತು. ತಾನು ಹುಟ್ಟಿದ ಜಾಗ. ಅವಳು ಅರ್ಧ ದಾರಿ ಹತ್ತಿದಳು ಕೂಡ. ಅಲ್ಲಿ ನಿಂತು ಮೇಲೆ ನೋಡಿದಳು. ಹೊಸ ಕಾಡು ತಿಳಿಹಸುರಾಗಿ ನಿಂತಿತ್ತು. ಕೆಳಗೆ ನೋಡಿದಳು, ಹಳ್ಳದಲ್ಲಿ ಮೊಟ್ಟೆಯ ಕಾಲ ಹತ್ತಿರ ಬರುತ್ತಿತ್ತು. ಸಾಕಮ್ಮ ಆಗಲೇ ತೀರಿಕೊಂಡಿದ್ದಳು. ಬುಡದಲ್ಲಿ ನಿಲ್ಲುವವರು ಯಾರು?

ಈರಿ ಕೆಳಗಿಳಿದಳು.

ಬಹಳ ಕಾಲವಾದ ಮೇಲೆ ಆಚೆಬೆಟ್ಟದಿಂದ ದುಂಡಿಯ ಮರಿಮಕ್ಕಳು ಹಳ್ಳವನ್ನು ನೋಡಲು ಬಂದರು. ಸಾಲಾಗಿ ಬಂದರು, ಎಲ್ಲರೂ ಒಂದೇ ಅಳತೆ, ಒಂದೇ ಕಪ್ಪು. ಒರತೆಯ ಬಳಿ ಬಂದವರು ಬೆರಗಾಗಿ ನಿಂತರು.

"ಅಜ್ಜೀ, ಇಷ್ಟೊಂದು ಥರದವರು ಯಾರಿವರೆಲ್ಲ?" ಎಂದಳು ಮುಂದೆ ಇದ್ದವಳು. "ನಮ್ಮ ಬೆಟ್ಟದಲ್ಲಿ ನಾವೆಲ್ಲ ಒಂದೇ ಥರ. ಎಷ್ಟು ಚೆಂದ ಕಾಣ್ತೀವಿ ಗೊತ್ತಾ!"

"ಚೆಂದ ಕಾಣ್ತೀರಿ," ಎಂದಳು ಈರಿ. ಅವಳಿಗೆ ನಿಜವಾಗಿಯೂ ಹಾಗೆಯೇ ಅನಿಸಿತು. ದುಂಡಿಯೇ ಎದುರು ನಿಂತ ಹಾಗಿತ್ತು. "ನೀರು ಕುಡಿದು ಬನ್ನಿ. ಆಮೇಲೆ ಇಲ್ಲಿ ಹುಡುಕಿ, ನಿಮ್ಮಂಥವರು ಸಿಕ್ತಾರೋ ನೋಡಿ."

ಅವರು ಎಲೆಗಳ ನಡುವೆ ಹುಡುಕಿದರು. ಕಪ್ಪು, ಬಲಸುರುಳಿ, ದುಂಡಿಯ ಪಡಿಯಚ್ಚಿನಂಥವರು ಅಲ್ಲಿ ಸಿಕ್ಕರು. ಅದೇ ದಿನ ಮೂಡಣ ಬೆಟ್ಟದಿಂದ ಬಂದಿದ್ದ ಕೆಂಪಿನವರಿಗೂ ಅವರಂಥವರು ಸಿಕ್ಕರು.

"ನಾವು ಇಲ್ಲಿಯೂ ಇದ್ದೀವಿ!" ಎಂದು ಕಪ್ಪಿನವರು ಕೂಗಿದರು.

"ಇರದೇ ಏನು?" ಎಂದಳು ಈರಿ. ಅವಳ ಮುದಿ ಕೊಂಬುಗಳು ನೆಟ್ಟಗೆ ನಿಂತಿದ್ದವು. "ಎಲ್ಲ ಬೆಟ್ಟಕ್ಕೂ ಇಲ್ಲಿಂದಲೇ ಹೋಗಿರೋದು. ನಿಮ್ಮ ಬೆಟ್ಟ ದೊಡ್ಡದು, ಎತ್ತರ ಇದೆ, ಬಿಸಿಲು ಬೆಳದಿಂಗಳು ಚೆನ್ನಾಗಿ ಬೀಳುತ್ತೆ. ನಮ್ಮದು ಒಂದು ಸೀಳು. ಆದರೆ ಲೋಕ ಒಣಗಿದಾಗ ಈ ಸೀಳು ಯಾರಿಗೂ ಇಲ್ಲ ಅನ್ನಲಿಲ್ಲ. ಚಳಿಗೆ ಬೇಕಾದವರು ಇಲ್ಲಿದ್ದಾರೆ, ಬಿಸಿಲಿಗೆ ಬೇಕಾದವರು ಇಲ್ಲಿದ್ದಾರೆ, ಏಡಿಗೆ ಬೇಕಾದವರೂ ಇಲ್ಲಿದ್ದಾರೆ. ಇನ್ನೂ ಬಾರದ ಯಾವುದೋ ಕಷ್ಟಕ್ಕೆ ಬೇಕಾದವಳು ಯಾರ ಹೊಟ್ಟೆಯಲ್ಲಿ ಅಡಗಿದ್ದಾಳೋ, ಅವಳೂ ಇಲ್ಲೇ ಇದ್ದಾಳೆ."

ಮಳೆ ಈ ಮಾತನ್ನು ಮೇಲಿನಿಂದ ಕೇಳಿಸಿಕೊಂಡಿತು. ಅದಕ್ಕೆ ತಾನು ಅಷ್ಟು ಕಾಲ ಬಾರದೇ ಇದ್ದದ್ದು ನೆನಪಾಗಿ ನಾಚಿಕೆಯಾಯಿತು.

"ಈರವ್ವಾ, ಏನಾದರೂ ಕೇಳು, ಕೊಡ್ತೀನಿ," ಎಂದಿತು. "ಬೇಗ ಓಡೋ ಕಾಲು ಬೇಕಾ? ರೆಕ್ಕೆ ಬೇಕಾ? ಎಲ್ಲರಿಗೂ ಒಂದೇ ಥರದ ಬಂಗಾರದ ಚಿಪ್ಪು ಬೇಕಾ?"

ಹಳ್ಳದವರೆಲ್ಲ ಈರಿಯ ಮುಖ ನೋಡಿದರು.

"ಕಾಲು ಬೇಡ," ಎಂದಳು ಈರಿ. "ನಾವು ಕಾಡಿನ ಜೊತೆ ನಡೆಯೋರು, ಇಷ್ಟು ಸಾಕು. ರೆಕ್ಕೆ ಬೇಡ. ಒಂದೇ ಥರದ ಚಿಪ್ಪಂತೂ ಬೇಡವೇ ಬೇಡ. ನೀನು ಬರದೇ ಇದ್ದ ವರ್ಷವೂ ಈ ಒರತೆ ಜಿನುಗುತ್ತಿರಲಿ. ಅಷ್ಟೇ."

ಮಳೆ ಒಪ್ಪಿತು. ಬಂಡೆಯ ಒಳಗೆ, ಬಿಸಿಲು ತಲುಪದಷ್ಟು ಆಳದಲ್ಲಿ, ನೀರನ್ನು ತುಂಬಿಸಿಟ್ಟಿತು.

ಅದಕ್ಕೇ ಮಗೂ, ಇವತ್ತಿಗೂ ನೀನು ಆಚೆಬೆಟ್ಟ ಹತ್ತಿದರೆ ಅಲ್ಲಿನ ಬಸವನಹುಳುಗಳೆಲ್ಲ ಒಬ್ಬಳೇ ತಾಯಿ ಹೆತ್ತ ಹಾಗೆ ಒಂದೇ ಬಣ್ಣದಲ್ಲಿ, ಒಂದೇ ಕಡೆಗೆ ಸುತ್ತಿಕೊಂಡು ಕೂತಿರುತ್ತವೆ. ಕಡುಬೇಸಗೆಯಲ್ಲೂ ಬತ್ತದ ಒರತೆಹಳ್ಳಕ್ಕೆ ಇಳಿದು ನೇರಳೆಯ ಬುಡದ ಒಂದೇ ಒಂದು ತರಗೆಲೆ ಎತ್ತಿ ನೋಡಿದರೆ ಮಾತ್ರ ಹಳದಿ, ಕಪ್ಪು, ಕೆಂಪು, ಕಂದು, ಪಟ್ಟೆ, ಎಡ, ಬಲ ಎಲ್ಲವೂ ಮೈಗೆ ಮೈ ತಾಗಿಸಿಕೊಂಡು, ಕೊಂಬು ನಿಗುರಿಸಿ, ನಿನ್ನನ್ನೇ ನೋಡುತ್ತಿರುತ್ತವೆ.